ಫ್ಲೀಟ್ ಸಾಹೇಬರೂ ಕೂಟಶಾಸನಗಳೂ

ಹೋದ ವರುಷದ ಶ್ರಾವಣದಲ್ಲಿ ನಾನು 14,000 ರೂಪಾಯಿ ತೆತ್ತು ಒಂದು ತಾಮ್ರಶಾಸನವನ್ನು ಕೊಂಡುಕೊಂಡೆ. ಕಾಲೇಜಿನಲ್ಲಿ ಕನ್ನಡ ಕಲಿಸುವವನಿಗೆ, ಎಂ.ಎ. ತರಗತಿಯಲ್ಲಿ ಶಾಸನಶಾಸ್ತ್ರವನ್ನೋದಿ ಒಳ್ಳೆಯ ಅಂಕಗಳನ್ನೂ ಪಡೆದವನಿಗೆ ಇಂಥ ಬುದ್ಧಿ ಹೇಗೆ ಬಂದಿತೆಂದು ವಾಚಕರು ಕೇಳಬಹುದು. ಬಂದದ್ದು ಬುದ್ಧಿಯಲ್ಲ, ಆಸೆ. ಹಳೆಯ ನಾಣ್ಯ, ಓಲೆಗರಿ, ವಿಗ್ರಹಗಳನ್ನು ಮೊಬೈಲಿನ ಮುಖಾಂತರ ಮಾರುವವನೊಬ್ಬನು ಉಂಗುರದಲ್ಲಿ ಪೋಣಿಸಿದ ಮೂರು ಹಲಗೆಗಳ ಚಿತ್ರಗಳನ್ನು ಕಳಿಸಿದ್ದನು. ಅಣ್ಣಿಗೇರಿಯ ಹತ್ತಿರದ ಹಳ್ಳಿಯೊಂದರಲ್ಲಿ ಹಳೆಯ ಮನೆಯ ಬುನಾದಿ ತೋಡುವಾಗ ಅದು ಸಿಕ್ಕಿತೆಂದೂ, ಇನ್ನಿಬ್ಬರು ಗಿರಾಕಿಗಳು ಕಾದಿರುವರೆಂದೂ, ಸಂಜೆಯೊಳಗೆ ಹಣ ಬಾರದಿದ್ದರೆ ಶಾಸನವು ಮುಂಬಯಿಯ ದಾರಿ ಹಿಡಿಯುವುದೆಂದೂ ತಿಳಿಸಿದನು. ಅಣ್ಣಿಗೇರಿ ಎಂಬ ಹೆಸರು ಕಿವಿಗೆ ಬಿದ್ದೊಡನೆ ನನ್ನ ವಿವೇಕವೆಲ್ಲ ಕರಗಿತು. ಬೆಳ್ವೊಲದ ನೆಲದಿಂದ ಎದ್ದ ಶಾಸನವು ಪರರ ಪಾಲಾಗಬಾರದು ಎಂಬ ಅಭಿಮಾನದ ಮಾತನ್ನು ನನಗೆ ನಾನೇ ಹೇಳಿಕೊಂಡೆ. ಅದರ ಕೆಳಗೆ ಹೊಸ ಶಾಸನವನ್ನು ಪ್ರಕಟಿಸಿದವನೆಂಬ ಕೀರ್ತಿಯ ಹಂಬಲವೂ ಇದ್ದಿತು. ಮಗಳ ಕಾಲೇಜಿನ ಶುಲ್ಕಕ್ಕೆಂದು ಎತ್ತಿಟ್ಟ ಹಣವನ್ನು, ಮನೆಯಲ್ಲಿ ಯಾರಿಗೂ ತಿಳಿಸದೆ, ಕಳಿಸಿಬಿಟ್ಟೆ.

ಐದನೆಯ ದಿನ ಕಟ್ಟು ಬಂದಿತು. ಅಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಹಲಗೆಗಳನ್ನು ಮೇಜಿನ ಮೇಲೆ ಹರವಿಕೊಂಡು ಓದಲು ಕುಳಿತೆ. ಬೆಳಗಿನ ಜಾವದ ಹೊತ್ತಿಗೆ ನನ್ನ ಕಣ್ಣು ತೆರೆಯಿತು. ತೆರೆಸಿದವರು ನಮ್ಮ ಕಾಲದವರಲ್ಲ. 1917ರಲ್ಲಿ ಲಂಡನ್ನಿನ ಮಗ್ಗುಲಲ್ಲಿ ತೀರಿಕೊಂಡ ಜಾನ್ ಫೇತ್‌ಫುಲ್ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಅವರು. ಧಾರವಾಡ ಸೀಮೆಯ ಇತಿಹಾಸವನ್ನು ಕುರಿತು ನಾಲ್ಕು ಸಾಲು ಬರೆಯುವವರೆಲ್ಲ ಅವರ ಹೆಸರನ್ನು ಎತ್ತುತ್ತೇವೆ. ಅವರ ಬಾಳನ್ನು ಬಲ್ಲವರು ವಿರಳ. ನನ್ನ ಋಣವನ್ನು ಅಷ್ಟಿಷ್ಟಾದರೂ ತೀರಿಸಿಕೊಳ್ಳಲು ಈ ಲೇಖನವನ್ನು ಬರೆಯುತ್ತಿದ್ದೇನೆ.

ಫ್ಲೀಟರು ಹುಟ್ಟಿದ್ದು 1847ರಲ್ಲಿ. ಲಂಡನ್ನಿನ ಮರ್ಚೆಂಟ್ ಟೇಲರ್ಸ್ ಶಾಲೆಯಲ್ಲಿ ಓದಿ, 1865ರಲ್ಲಿ ಭಾರತದ ಸಿವಿಲ್ ಸರ್ವಿಸಿಗೆ ಆಯ್ಕೆಯಾದರು. ಇಲ್ಲಿಗೆ ಹೊರಡುವ ಮುನ್ನ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಗೋಲ್ಡ್‌ಸ್ಟುಕರ್ ಎಂಬ ಜರ್ಮನ್ ಪಂಡಿತರಲ್ಲಿ ಸಂಸ್ಕೃತದ ಅಭ್ಯಾಸ ಮಾಡಿದರು. ಗುರುಗಳು ಪಾಣಿನಿಯನ್ನು ಅರೆದು ಕುಡಿದವರು. ಒಂದು ಅಕ್ಷರವನ್ನೂ ಸಡಿಲವಾಗಿ ಬಿಡದ ಶಿಷ್ಯನ ಸ್ವಭಾವದಲ್ಲಿ ಆ ಗುರುವಿನ ಪಾಲೂ ಇದ್ದಿರಬೇಕೆಂದು ನನಗೆ ತೋರುತ್ತದೆ. 1867ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಮುಂಬಯಿಗೆ ಬಂದಿಳಿದರು. ಆ ಮೇಲಿನ ಮೂವತ್ತು ವರುಷಗಳ ನೌಕರಿಯ ಬಹುಭಾಗವು ಇಲಾಖಾ ದಫ್ತರದ ಕೆಲಸ. ಅದನ್ನು ಬೇಗ ಹೇಳಿ ಮುಗಿಸಬಹುದು. ಅಸಿಸ್ಟಂಟ್ ಕಲೆಕ್ಟರ್, ಮ್ಯಾಜಿಸ್ಟ್ರೇಟ್, 1872ರಲ್ಲಿ ದಕ್ಷಿಣ ವಿಭಾಗದ ಶಿಕ್ಷಣ ಇನ್‌ಸ್ಪೆಕ್ಟರ್, 1875ರಿಂದ ಕೊಲ್ಹಾಪುರ ಹಾಗೂ ದಕ್ಷಿಣ ಮರಾಠಾ ಸಂಸ್ಥಾನಗಳಲ್ಲಿ ಸರಕಾರದ ಸಹಾಯಕ ಪ್ರತಿನಿಧಿ, ತರುವಾಯ ಸೊಲ್ಲಾಪುರದ ಕಲೆಕ್ಟರ್, ಕಮಿಷನರ್, ಕೊನೆಗೆ ಸುಂಕದ ಕಮಿಷನರ್, 1897ರಲ್ಲಿ ನಿವೃತ್ತಿ.

ಇದು ಕಾಗದದ ಮೇಲಿನ ಬಾಳು. ಇನ್ನೊಂದು ಬಾಳು ನಮ್ಮ ಎರೆಹೊಲಗಳ ನಡುವೆ ಬೆಳೆಯಿತು. ಶಿಕ್ಷಣ ಇನ್‌ಸ್ಪೆಕ್ಟರನಾದವನು ಹಳ್ಳಿಯಿಂದ ಹಳ್ಳಿಗೆ ತಿರುಗಬೇಕಾಗುತ್ತಿತ್ತು. ಹುಬ್ಬಳ್ಳಿ ಧಾರವಾಡಗಳಿಗೆ ರೈಲು ಬರುವುದಕ್ಕೆ ಇನ್ನೂ ಹತ್ತು ಹನ್ನೆರಡು ವರುಷಗಳಿದ್ದವು. ನವಲಗುಂದದ ಕಡೆಯ ನೆಲವನ್ನು ಮಳೆಗಾಲದಲ್ಲಿ ಕಂಡವರಿಗೆ ಆ ತಿರುಗಾಟದ ಪಾಡು ಗೊತ್ತು. ಬೆಣ್ಣೆಹಳ್ಳ ತುಂಬಿದರೆ ಇಂದಿಗೂ ಊರಿಗೆ ಊರು ದೂರವಾಗುತ್ತದೆ. ಆ ನಾಡಿನಲ್ಲಿ ಗುಡಿಯ ಗೋಡೆಗೆ ಒರಗಿಸಿದ, ಕೆರೆಯ ಏರಿಯಲ್ಲಿ ಹೂತ, ಸುಣ್ಣ ಎಣ್ಣೆಗಳ ಪದರದಡಿ ಮುಚ್ಚಿಹೋದ ಕಲ್ಲುಗಳೆದುರು ಅವರು ನಿಂತರು. ಹಳಗನ್ನಡವನ್ನು ಕಲಿತರು. ಅವರಿಗಿಂತ ಮೊದಲು ಈ ಸೀಮೆಯಲ್ಲಿದ್ದ ಸರ್ ವಾಲ್ಟರ್ ಎಲಿಯಟ್ ಅವರು 595 ಶಾಸನಗಳ ಕೈಬರೆಹದ ಪ್ರತಿಗಳನ್ನು ಮಾಡಿಸಿದ್ದರು. ಅದೊಂದು ಮಹತ್ಕಾರ್ಯ. ಆದರೆ ಕೈಬರೆಹದ ಪ್ರತಿಯಲ್ಲಿ ಬರೆದವನ ಊಹೆಯೂ ಸೇರಿಕೊಳ್ಳುತ್ತದೆ. ಸವೆದ ಅಕ್ಷರವನ್ನು ಅವನು ತನಗೆ ತಿಳಿದಂತೆ ತಿದ್ದುತ್ತಾನೆ. ಫ್ಲೀಟರು ಕಲ್ಲಿನ ಮೇಲೆ ಕಾಗದವನ್ನಿಟ್ಟು ಮಸಿಯಿಂದ ತೆಗೆದ ಯಥಾಪ್ರತಿಯನ್ನೇ ನೆಚ್ಚಿದರು. ಐಹೊಳೆಯ ಮೇಗುತಿ ಗುಡಿಯಲ್ಲಿರುವ ಇಮ್ಮಡಿ ಪುಲಕೇಶಿಯ ಶಾಸನವನ್ನು 1876ರಲ್ಲಿ ಪ್ರಕಟಿಸಿ, ತೃಪ್ತಿಯಾಗದೆ, 1879ರಲ್ಲಿ ಮತ್ತೊಮ್ಮೆ ಪ್ರಕಟಿಸಿದರು. ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಅವರು ಸಂಪಾದಿಸಿದ ಸಂಸ್ಕೃತ ಮತ್ತು ಹಳಗನ್ನಡ ಶಾಸನಗಳು ನೂರಕ್ಕೂ ಮಿಕ್ಕಿವೆ. 1882ರಲ್ಲಿ ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳನ್ನಾಳಿದ ರಾಜವಂಶಗಳ ಚರಿತ್ರೆಯನ್ನು ಬರೆದರು; ಅದನ್ನೇ ಹಿಗ್ಗಿಸಿ, ತಿದ್ದಿ, ಮುಂಬಯಿ ಗೆಜೆಟಿಯರಿಗಾಗಿ 1896ರಲ್ಲಿ ಹೊರತಂದರು. ಕದಂಬ, ಚಾಲುಕ್ಯ, ರಾಷ್ಟ್ರಕೂಟರ ಅನುಕ್ರಮವನ್ನು ನಾವು ಇಂದು ಬಾಯಿಪಾಠದಂತೆ ಒಪ್ಪಿಸುವುದಕ್ಕೆ ಆ ಗ್ರಂಥವೇ ಅಡಿಗಲ್ಲು.

ನಮ್ಮ ತಾಲೂಕುಗಳ ಮಟ್ಟಿಗೂ ಒಂದೆರಡು ಮಾತು ಹೇಳಲೇಬೇಕು. ನವಲಗುಂದ ತಾಲೂಕಿನ ಹೆಬ್ಬಾಳದಲ್ಲಿ ಕ್ರಿ.ಶ. 975ರ ಒಂದು ಕಲ್ಲು ಇದೆ. ರಾಷ್ಟ್ರಕೂಟ ರಾಜಕುಮಾರಿ ರೇವಕನಿಮ್ಮಡಿಯನ್ನು ಗಂಗರ ಬೂತುಗನಿಗೆ ಧಾರೆಯೆರೆದಾಗ ಪುಲಿಗೆರೆ 300, ಬೆಳ್ವೊಲ 300, ಕಿಸುಕಾಡು 70, ಬಾಗೆನಾಡು 70 ಇವುಗಳನ್ನು ಬಳುವಳಿಯಾಗಿ ಕೊಟ್ಟರೆಂದು ಅದು ತಿಳಿಸುತ್ತದೆ. ನಾವು ಜೋಳ ಕಡಲೆ ಬಿತ್ತುವ ಹೊಲಗಳೆಲ್ಲ ಒಮ್ಮೆ ಮದುಮಗಳ ಉಡಿಯಲ್ಲಿ ಹೋದವು ಎಂಬುದು ನಮಗೆ ತಿಳಿದದ್ದು ಫ್ಲೀಟರ ಸಂಪಾದನೆಯಿಂದ. ಕುಂದಗೋಳ ತಾಲೂಕಿನ ಗುಡಗೇರಿಯ ಜೈನಶಾಸನವನ್ನು ಓದಿದವರೂ ಅವರೇ. ಅದರ ಮಾತನ್ನು ಮುಂದೆ ಹೇಳುವೆನು.

ಈಗ ನನ್ನ ಮೇಜಿನ ಮೇಲಿನ ಹಲಗೆಗಳಿಗೆ ಬರೋಣ. ಫ್ಲೀಟರು ಯಾವುದೇ ತಾಮ್ರಪಟವನ್ನು ಸಂಪಾದಿಸಲಿ, ಅದರಲ್ಲಿರುವ ರಾಜನ ಮಾತನ್ನು ಎತ್ತುವುದಕ್ಕೆ ಮೊದಲು ವಸ್ತುವನ್ನೇ ಒಬ್ಬ ಅಕ್ಕಸಾಲಿಗನಂತೆ ಪರೀಕ್ಷಿಸುತ್ತಾರೆ. ಹಲಗೆಗಳೆಷ್ಟು, ಉದ್ದಗಲವೆಷ್ಟು, ತೂಕವೆಷ್ಟು. ಬರೆಹ ಸವೆಯದಂತೆ ಅಂಚನ್ನು ಎತ್ತರಿಸಿ ಕಟ್ಟಿದೆಯೋ ಇಲ್ಲವೋ. ಉಳಿಯ ಗುರುತು ಅಕ್ಷರದ ಒಳಮೈಯಲ್ಲಿ ಕಾಣುವುದೋ ಇಲ್ಲವೋ. ಮುದ್ರೆಯ ಮೇಲೆ ಯಾವ ಲಾಂಛನ. ಎಲ್ಲಕ್ಕಿಂತ ಮುಖ್ಯವಾಗಿ, ಶಾಸನವು ತಮ್ಮ ಕೈಗೆ ಬಂದಾಗ ಉಂಗುರವನ್ನು ಕತ್ತರಿಸಿದ್ದಿತೋ ಅಥವಾ ಹಾಗೆಯೇ ಇದ್ದಿತೋ ಎಂಬುದನ್ನು ತಪ್ಪದೆ ನಮೂದಿಸುತ್ತಾರೆ. ಮೊದಲು ಓದುವವನಿಗೆ ಇದೆಲ್ಲ ಬೇಸರ ತರುವ ಗೊಡ್ಡು ವಿವರ. ವಿದ್ಯಾರ್ಥಿ ದೆಸೆಯಲ್ಲಿ ನಾನು ಆ ಪುಟಗಳನ್ನು ಹಾರಿಸಿಯೇ ಓದುತ್ತಿದ್ದೆ. ಆದರೆ ಕತ್ತರಿಸದ ಉಂಗುರವೆಂದರೆ ನಡುವಿನ ಹಲಗೆಯನ್ನು ಯಾರೂ ಬದಲಿಸಿಲ್ಲವೆಂಬ ಸಾಕ್ಷಿ. ಮೊದಲ ಹಾಗೂ ಕೊನೆಯ ಹಲಗೆಗಳ ಹೊರಮೈಯನ್ನು ಸಾಮಾನ್ಯವಾಗಿ ಬರಿದಾಗಿ ಬಿಡುತ್ತಿದ್ದರು. ತಿಕ್ಕಾಟದಲ್ಲಿ ಬರೆಹ ಅಳಿಯಬಾರದೆಂದು. ಉಳಿಯಿಂದ ಕೊರೆದ ಅಕ್ಷರವು ಒಳಗೆ ಗೀರು ಗೀರಾಗಿರುತ್ತದೆ.

ನನ್ನ ಶಾಸನದ ಹೊರಮೈಯಲ್ಲಿಯೂ ಬರೆಹವಿದ್ದಿತು, ಒಳಮೈಯಷ್ಟೇ ಚೊಕ್ಕಟವಾಗಿ. ಭೂತಗನ್ನಡಿ ಹಿಡಿದರೆ ಅಕ್ಷರದ ತಳವು ಮೆತ್ತಗೆ, ಆಮ್ಲದಲ್ಲಿ ತಿನ್ನಿಸಿದಂತೆ ನುಣುಪಾಗಿ ಕಂಡಿತು. ಮೂರು ಹಲಗೆಗಳ ದಪ್ಪವೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಒಂದೇ. ಬಡಿದು ಮಾಡಿದ ತಗಡು ಎಂದಾದರೂ ಹಾಗಿರುವುದುಂಟೇ? ಮೇಲಿನ ಹಸಿರು ಕಿಲುಬು ನಿಂಬೆಯ ಹೋಳಿಗೆ ಬಿಟ್ಟುಕೊಟ್ಟಿತು. ಇಷ್ಟಾದರೂ ನನ್ನ ಆಸೆ ಸಾಯಲಿಲ್ಲ. ಮಾರುವವನು ಯಾರಾದರೂ ತಿಕ್ಕಿ ತೊಳೆದಿರಬಹುದೆಂದು ಅವನ ಪರವಾಗಿ ನಾನೇ ವಕಾಲತ್ತು ನಡೆಸಿದೆ. ಕೊನೆಗೆ ಇಂಡಿಯನ್ ಆಂಟಿಕ್ವರಿಯ ಹಳೆಯ ಸಂಪುಟಗಳಲ್ಲಿರುವ ಯಥಾಪ್ರತಿಗಳನ್ನು ಒಂದೊಂದಾಗಿ ತೆರೆದು ನೋಡುತ್ತ ಹೋದೆ. ಒಂದು ಪುಟದಲ್ಲಿ ಕೈ ನಿಂತಿತು. ಸಾಲಿಗೆ ಸಾಲು, ಅಕ್ಷರಕ್ಕೆ ಅಕ್ಷರ ನನ್ನ ಹಲಗೆಯೇ! ಮೂಲದ ಹಲಗೆಯ ಮೂಲೆ ಮುರಿದು ನಾಲ್ಕಾರು ಅಕ್ಷರಗಳು ಹೋಗಿದ್ದವು. ನನ್ನ ಹಲಗೆಯ ಮೂಲೆ ಗಟ್ಟಿಮುಟ್ಟಾಗಿಯೇ ಇದ್ದಿತು. ಅಕ್ಷರಗಳು ಮಾತ್ರ ಅಲ್ಲಿಯೂ ಇರಲಿಲ್ಲ. ಕಳ್ಳನಿಗೆ ಓದಲು ಬಾರದು. ಮುರಿದ ಜಾಗವು ಬರಿದೆಂದು ತಿಳಿದು ಬರಿದಾಗಿಯೇ ಬಿಟ್ಟಿದ್ದನು. ಕೂಟಶಾಸನಗಳನ್ನು ಹಿಡಿಯಲೆಂದು ಹೆಣಗಿದವರ ಪತ್ರಿಕೆಯೇ ಕೂಟಶಾಸನಕ್ಕೆ ಅಚ್ಚಾಗಿತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಶಾಸನಗಳ ಕಳ್ಳತಯಾರಿಕೆ ಮೊಬೈಲಿನೊಡನೆ ಹುಟ್ಟಿದ ವಿದ್ಯೆಯಲ್ಲ. ರಾಜಶಾಸನವನ್ನು ಸುಳ್ಳಾಗಿ ರಚಿಸಿದವನಿಗೆ ಮನುಸ್ಮೃತಿಯು ಮರಣದಂಡನೆಯನ್ನು ವಿಧಿಸುತ್ತದೆ. ದಂಡನೆ ಇದ್ದಲ್ಲಿ ಅಪರಾಧವೂ ಇದ್ದಿರಲೇಬೇಕು. ಏಳನೆಯ ಶತಮಾನದ ಹರ್ಷವರ್ಧನನು, ವಾಮರಥ್ಯನೆಂಬುವನು ಕೂಟಶಾಸನದ ಬಲದಿಂದ ಸೋಮಕುಂಡಕಾ ಗ್ರಾಮವನ್ನು ಅನುಭವಿಸುತ್ತಿದ್ದುದನ್ನು ಕಂಡು, ಆ ಹಲಗೆಯನ್ನು ಮುರಿಸಿ, ಊರನ್ನು ಬೇರೆಯವರಿಗೆ ದತ್ತಿ ಕೊಟ್ಟುದನ್ನು ಮಧುಬನದ ತಾಮ್ರಪಟವೇ ಹೇಳುತ್ತದೆ. ಫ್ಲೀಟರು ಇಲ್ಲಿಗೆ ಬರುವ ಹದಿನೈದು ವರುಷ ಮೊದಲು, 1852ರಲ್ಲಿ, ಮುಂಬಯಿ ಇಲಾಖೆಯ ಇನಾಮು ಭೂಮಿಗಳ ಹಕ್ಕನ್ನು ಶೋಧಿಸಲು ಸರಕಾರವು ಕಾಯಿದೆ ಮಾಡಿ ಇನಾಮ್ ಕಮಿಷನ್ನಿಗೆ ಅಧಿಕಾರ ಕೊಟ್ಟಿತ್ತು. ದಕ್ಷಿಣ ಮರಾಠಾ ಸೀಮೆಯಲ್ಲಿ ಅದು ಎಬ್ಬಿಸಿದ ಹಾಹಾಕಾರವನ್ನು ಚರಿತ್ರೆ ಓದಿದವರು ಬಲ್ಲರು. ಸನದು ತೋರಿಸಲಾರದವನ ಹೊಲ ಸರಕಾರದ ಪಾಲು. ಹೀಗಿರುವಾಗ ಅಜ್ಜನ ಕಾಲದ ಕಾಗದವನ್ನು ಗೆದ್ದಲು ತಿಂದಿದ್ದರೆ ಮೊಮ್ಮಗನು ಏನು ಮಾಡಿಯಾನು? ಸುಳ್ಳು ಸನದುಗಳೆಲ್ಲ ಸುಳ್ಳು ಹಕ್ಕುಗಳಾಗಿರಲಿಲ್ಲ. ಈ ಸೂಕ್ಷ್ಮವನ್ನು ಮರೆತರೆ ಕೂಟಶಾಸನದ ವಿಚಾರವು ಬರೀ ಪೊಲೀಸ್ ಕಥೆಯಾಗುತ್ತದೆ.

ಫ್ಲೀಟರಿಗೆ ಇಂಥವು ದಂಡಿಯಾಗಿ ಸಿಕ್ಕವು. ಗದಗಿನ ಬಳಿಯ ಕುರ್ತಕೋಟಿಯ ತಾಮ್ರಪಟವು ಚಾಲುಕ್ಯ ಒಂದನೆಯ ವಿಕ್ರಮಾದಿತ್ಯನದೆಂದು ಹೇಳಿಕೊಳ್ಳುತ್ತದೆ. ಅದರ ಶಕವರ್ಷವನ್ನು ನಂಬಿದರೆ ಅವನು ತನ್ನ ನಿಜವಾದ ಆಳ್ವಿಕೆಗಿಂತ ನಾಲ್ಕೈದು ದಶಕ ಮೊದಲೇ ಸಿಂಹಾಸನವೇರಿರಬೇಕು; ಲಿಪಿಯಾದರೋ ಶತಮಾನಗಳಷ್ಟು ಈಚಿನದು. ಕೊಲ್ಹಾಪುರದ ಕಡೆಯ ಆಳ್ತೆಯ ಪಟವು ಒಂದನೆಯ ಪುಲಕೇಶಿಗೆ ಶಕ 411ರ ಕಾಲವನ್ನು ಕಟ್ಟಿಕೊಟ್ಟಿತ್ತು, ಅದನ್ನೂ ತಳ್ಳಿಹಾಕಿದರು. ಶಿವಮೊಗ್ಗ ಸೀಮೆಯಲ್ಲಿ ಮಹಾಭಾರತದ ಜನಮೇಜಯನ ಹೆಸರಿನ ತಾಮ್ರಶಾಸನಗಳೇ ಇದ್ದವು! ಪರೀಕ್ಷಿತನ ಮಗನು ನಾಗರಿ ಲಿಪಿಯಲ್ಲಿ, ಚಾಲುಕ್ಯರ ಬಿರುದುಗಳನ್ನು ಹೊತ್ತು ದಾನ ಮಾಡಿದ್ದನ್ನು ನಂಬಿದವರೂ ಇದ್ದರು. 1901ರಲ್ಲಿ, ನಿವೃತ್ತರಾದ ಮೇಲೆ, ಭಾರತದ ಕೂಟಶಾಸನಗಳನ್ನು ಕುರಿತು ಅದೇ ಆಂಟಿಕ್ವರಿಯಲ್ಲಿ ಅವರು ವಿಸ್ತಾರವಾದ ಲೇಖನವನ್ನು ಬರೆದು, ಅಂಥವುಗಳ ಪಟ್ಟಿಯನ್ನೇ ಕೊಟ್ಟರು.

ಅವರ ಒರೆಗಲ್ಲುಗಳು ಎರಡು. ಒಂದು ಲಿಪಿ. ಕನ್ನಡ ಅಕ್ಷರಗಳಲ್ಲಿ ಖ, ಙ, ಜ, ಬ, ಲ ಇವು ಕಾಲಕಾಲಕ್ಕೆ ರೂಪ ಬದಲಿಸಿದ ಅಕ್ಷರಗಳು. ಇವುಗಳಲ್ಲಿ ಖ ಮತ್ತು ಬ ಅಕ್ಷರಗಳ ದುಂಡಾದ ಹೊಸ ರೂಪವು ಸುಮಾರು ಕ್ರಿ.ಶ. 800ಕ್ಕೆ ಮೊದಲು ಕಾಣಿಸಿಕೊಳ್ಳುವುದಿಲ್ಲವೆಂದು ಅವರು ಕಂಡುಕೊಂಡರು. ಐದನೆಯ ಶತಮಾನದ್ದೆಂದು ಹೇಳಿಕೊಳ್ಳುವ ಪಟದಲ್ಲಿ ಆ ದುಂಡು ಬಕಾರ ಇಣುಕಿದರೆ ಮುಗಿಯಿತು. ಹಳೆಯದನ್ನು ನಟಿಸುವವನು ದೊಡ್ಡ ಸಂಗತಿಗಳಲ್ಲಿ ಎಚ್ಚರವಾಗಿರುತ್ತಾನೆ; ತನ್ನ ಕೈಗೆ ರೂಢಿಯಾದ ಒಂದು ಸಣ್ಣ ಬಳುಕಿನಲ್ಲಿ ಸಿಕ್ಕಿಬೀಳುತ್ತಾನೆ. ಇನ್ನೊಂದು ಒರೆಗಲ್ಲು ಪಂಚಾಂಗ. ಶಾಸನದ ತಿಥಿ, ವಾರ, ಗ್ರಹಣಗಳು ಹೊಂದುವವೇ ಎಂದು ಗಣಿತ ಮಾಡಿ ನೋಡುವುದು. ಈ ಕೆಲಸದಲ್ಲಿ ಅವರಿಗೆ ಬಲಗೈಯಾಗಿ ನಿಂತವರು ಜ್ಯೋತಿರ್ಗಣಿತಜ್ಞ ಶಂಕರ ಬಾಲಕೃಷ್ಣ ದೀಕ್ಷಿತರು. 1883ರಿಂದ 1886ರ ವರೆಗೆ ಫ್ಲೀಟರು ಭಾರತ ಸರಕಾರದ ಶಾಸನತಜ್ಞರಾಗಿದ್ದರು. ಆಗಿನ ಶ್ರಮದ ಫಲವಾಗಿ 1888ರಲ್ಲಿ ಬಂದ ಗುಪ್ತರ ಶಾಸನಗಳ ಸಂಪುಟವು, ಗುಪ್ತಶಕೆಯು ಕ್ರಿ.ಶ. 319–20ರಲ್ಲಿ ಮೊದಲಾಯಿತೆಂಬುದನ್ನು ನಿಲ್ಲಿಸಿತು. ದೀಕ್ಷಿತರ ಗಣಿತವೂ ಅದರಲ್ಲಿದೆ.

ಅಮೆರಿಕದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಈ ಕಥೆಯನ್ನು ಹೇಳಿದಾಗ ಅವನು ತನ್ನ ನೆರೆಯವರ ಹುಚ್ಚನ್ನು ವರ್ಣಿಸಿದನು. 1909ರಿಂದ 1911ರ ವರೆಗೆ ಅಲ್ಲಿ ಸಿಗರೇಟಿನ ಪೊಟ್ಟಣಗಳಲ್ಲಿಟ್ಟು ಹಂಚುತ್ತಿದ್ದ ಬೇಸ್‌ಬಾಲ್ ಆಟಗಾರರ ಚಿತ್ರದ ಚೀಟಿಗಳನ್ನು ಈಗ ಬಂಗಾರಕ್ಕಿಂತ ಮಿಗಿಲಾಗಿ ಕೊಳ್ಳುತ್ತಾರಂತೆ. ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಒಂದು ಚೀಟಿಗೆ ಹತ್ತಾರು ಲಕ್ಷ ಡಾಲರು ಬಂದದ್ದುಂಟು. ಆದುದರಿಂದ ನಕಲಿಗಳೂ ವಿಪುಲ. ಅಲ್ಲಿಯ ಬಲ್ಲವರು ನಿಜವೆಂದು ಗೊತ್ತಿರುವ ಅಗ್ಗದ ಒಂದು ಚೀಟಿಯನ್ನು ಮಗ್ಗುಲಲ್ಲಿಟ್ಟುಕೊಂಡು, ರಟ್ಟಿನ ದಪ್ಪ, ಅಂಚು, ಭೂತಗನ್ನಡಿಯಲ್ಲಿ ಕಾಣುವ ಮುದ್ರಣದ ಚುಕ್ಕಿಗಳು, ಹಿಂಬದಿ ಇವನ್ನೆಲ್ಲ ಹೋಲಿಸಿದ ಮೇಲೆಯೇ ಹಣದ ಚೀಲವನ್ನು ಬಿಚ್ಚುತ್ತಾರೆ. ಕೇಳಿ ನನಗೆ ನಾಚಿಕೆಯಾಯಿತು. ನನಗೆ ಬಂದ ಆರು ಚಿತ್ರಗಳಲ್ಲಿ ಒಂದೂ ಅಂಚಿನದಾಗಿರಲಿಲ್ಲ, ಉಂಗುರದ ಬೆಸುಗೆಯದಾಗಿರಲಿಲ್ಲ. ತೂಕವನ್ನು ಅವನು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಚೀಟಿ ಕೊಳ್ಳುವ ಹುಡುಗರಿಗಿದ್ದ ವಿವೇಕವು ಶಾಸನ ಓದಿದವನಿಗಿರಲಿಲ್ಲ. ಇದಿಷ್ಟೇ ಅಲ್ಲ. ನೂರು ವರುಷ ಮೀರಿದ ಪ್ರಾಚೀನ ವಸ್ತುವನ್ನು ಪರವಾನಗಿಯಿಲ್ಲದೆ ಮಾರುವ ವ್ಯಾಪಾರವನ್ನು 1972ರ ಕಾಯಿದೆ ನಿಷೇಧಿಸಿದೆ. ನೆಲದಲ್ಲಿ ದೊರೆತ ನಿಧಿಯನ್ನು ಕಲೆಕ್ಟರರಿಗೆ ತಿಳಿಸಬೇಕೆಂಬ ಕಾಯಿದೆ 1878ರಷ್ಟು ಹಳೆಯದು. ಹಲಗೆಗಳು ನಿಜವಾಗಿದ್ದರೆ ನಾನು ಅಪರಾಧಕ್ಕೆ ಪಾಲುಗಾರ; ಸುಳ್ಳಾದುದರಿಂದ ಬರೀ ಮೂರ್ಖ.

ಫ್ಲೀಟರ ಕಥೆಯಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದದ್ದು ಅವರು ಸಂದೇಹಪಟ್ಟ ರೀತಿಯಷ್ಟೇ ಅಲ್ಲ, ಸಂದೇಹವು ಅತಿಯಾದ ಕಡೆ ಅವರು ನಡೆದುಕೊಂಡ ರೀತಿ. ಮೈಸೂರು ಸೀಮೆಯಲ್ಲಿ ಬಿ. ಎಲ್. ರೈಸರು ಊರೂರು ತಿರುಗಿ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳನ್ನು ಕಟ್ಟುತ್ತಿದ್ದರು. ಬೆಂಗಳೂರಿನಲ್ಲಿಯೇ ಹುಟ್ಟಿದ ಆ ಸಜ್ಜನರಿಗೆ ನೆಲದ ಮೇಲೆ ಮಮತೆ, ಶಾಸನದ ಮಾತಿನಲ್ಲಿ ನಂಬಿಕೆ. ಪ್ರಾಚೀನ ಗಂಗರಾಜರ ತಾಮ್ರಪಟಗಳನ್ನು ಅವರು ಒಂದರ ಹಿಂದೊಂದಾಗಿ ಪ್ರಕಟಿಸಿದರೆ, ಫ್ಲೀಟರು ಅವುಗಳನ್ನು ಒಂದರ ಹಿಂದೊಂದಾಗಿ ಕೂಟಶಾಸನಗಳೆಂದು ಸಾರಿದರು. ಅವಿನೀತನದೆಂಬ ಶಕ 388ರ ಮಡಿಕೇರಿಯ ಪಟವು ಈ ಕದನದ ಕುರುಕ್ಷೇತ್ರವಾಯಿತು. ಲಿಪಿ ಈಚಿನದೆಂಬ ಫ್ಲೀಟರ ವಾದಕ್ಕೆ ಉತ್ತರ ಕೊಡುವುದು ಸುಲಭವಾಗಿರಲಿಲ್ಲ. ಆದರೆ ಫ್ಲೀಟರು ಇಂಥ ಪಟಗಳಿಂದ ಒಂದು ಹೆಜ್ಜೆ ಮುಂದೆ ಹೋಗಿ, ಆ ಗಂಗವಂಶದ ಆರಂಭದ ಅರಸರ ಇಡೀ ಸಾಲನ್ನೇ ಕಟ್ಟುಕಥೆಯೆಂದು ಬಗೆದರು. ವರುಷಗಟ್ಟಲೆ ನಡೆದ ಈ ವಾದದಲ್ಲಿ ಎರಡೂ ಕಡೆ ಮಾತು ಬಿಸಿಯೇರಿತ್ತು. ನಮ್ಮ ವಿದ್ವಾಂಸರಲ್ಲಿ ಕೆಲವರು ಅವರನ್ನು ಕರ್ನಾಟಕದ ಪ್ರಾಚೀನತೆಯ ಶತ್ರುವೆಂದೇ ತಿಳಿದಿದ್ದರೆ ಆಶ್ಚರ್ಯವಿಲ್ಲ. ನಾನು ಅವರ ಕಾಲದಲ್ಲಿದ್ದರೆ ನನಗೂ ಹಾಗೆಯೇ ಅನ್ನಿಸುತ್ತಿತ್ತೋ ಏನೋ.

ಆ ಮೇಲೆ ಅನಂತಪುರ ಜಿಲ್ಲೆಯ ಪೆನುಕೊಂಡದಲ್ಲಿ ಗಂಗ ಮಾಧವನ ಒಂದು ತಾಮ್ರಪಟ ದೊರೆಯಿತು. ಲಿಪಿ ನಿಜವಾಗಿಯೇ ಐದನೆಯ ಶತಮಾನಕ್ಕೆ ಒಪ್ಪುವಂಥದು. ಫ್ಲೀಟರಿಗೆ ಆಗ ಅರವತ್ತೆಂಟರ ವಯಸ್ಸು. ಮೂರು ದಶಕ ಒಂದೇ ಪಕ್ಷವನ್ನು ಹಿಡಿದವರು; ಮೌನವಾಗಿದ್ದರೂ ಕೇಳುವವರಿರಲಿಲ್ಲ. ಅವರು ಮೌನವಾಗಿರಲಿಲ್ಲ. 1915ರಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ತಾವೇ ಲೇಖನ ಬರೆದು, ಈ ಪಟವು ಅಸಲಿಯೆಂದು ಒಪ್ಪಿದರು. ಅದರೊಡನೆ ಗಂಗರ ಆರಂಭದ ಚರಿತ್ರೆಯ ಬಾಗಿಲು ತೆರೆಯಿತು. ತಾವು ಹಿಂದೆ ತಳ್ಳಿಹಾಕಿದ ಪಟಗಳನ್ನೆಲ್ಲ ಇದರಿಂದ ಒಪ್ಪಿದಂತಾಗಲಿಲ್ಲ. ಒಂದು ನಿಜವಾದುದರಿಂದ ಇನ್ನೊಂದು ನಿಜವಾಗುವುದಿಲ್ಲ ಎಂಬಲ್ಲಿ ಅವರು ಕೊನೆಯ ವರೆಗೂ ಫ್ಲೀಟರೇ.

ಗುಡಗೇರಿಯ ಮಾತನ್ನು ಬಾಕಿಯಿಟ್ಟಿದ್ದೆನಷ್ಟೆ. ಲಕ್ಷ್ಮೇಶ್ವರದ ಶಂಖಬಸದಿಯಲ್ಲಿ ಬಾದಾಮಿ ಚಾಲುಕ್ಯರ ದಾನಗಳನ್ನು ಹೇಳುವ ಬರೆಹಗಳಿವೆ. ಲಿಪಿ ಮಾತ್ರ ಹತ್ತನೆಯ ಶತಮಾನದ ಸುಮಾರಿನದು. ಆದುದರಿಂದ ಫ್ಲೀಟರು ಅವುಗಳನ್ನು ಮೂಲಶಾಸನಗಳೆಂದು ಎಣಿಸಲಿಲ್ಲ. ಇತ್ತ ಗುಡಗೇರಿಯ ಶಕ 998ರ ಕಲ್ಲು, ಎಂದರೆ ಕ್ರಿ.ಶ. 1076ರದು, ಚಾಲುಕ್ಯ ವಿಜಯಾದಿತ್ಯನ ತಂಗಿ ಕುಂಕುಮಮಹಾದೇವಿಯು ಪುರಿಗೆರೆಯಲ್ಲಿ ಕಟ್ಟಿಸಿದ ಆನೆಸೆಜ್ಜೆಯ ಬಸದಿಯನ್ನು ನೆನೆಯುತ್ತದೆ. ಸುಮಾರು ಮುನ್ನೂರೈವತ್ತು ವರುಷದ ಹಿಂದಿನ ರಾಜಕುಮಾರಿಯ ಈ ಮಾತನ್ನು ಎಷ್ಟು ನಂಬಬೇಕು? ಫ್ಲೀಟರು ತೀರಿಕೊಂಡ ಎಷ್ಟೋ ಕಾಲದ ಮೇಲೆ ಶಿಗ್ಗಾವಿಯ ತಾಮ್ರಪಟವು ಬೆಳಕಿಗೆ ಬಂದಿತು. ಅದು ವಿಜಯಾದಿತ್ಯನದೇ, ಶಕ 630ರದು. ಆಳುಪ ಚಿತ್ರವಾಹನನ ಬಿನ್ನಹದ ಮೇರೆಗೆ, ಪುರಿಗೆರೆಯಲ್ಲಿ ಕುಂಕುಮಮಹಾದೇವಿ ಕಟ್ಟಿಸಿದ ಬಸದಿಗೆ ಗುಡ್ಡಿಗೆರೆ ಗ್ರಾಮವನ್ನು ಕೊಟ್ಟುದನ್ನು ಅದು ಹೇಳುತ್ತದೆ. ಕುಂದಗೋಳ ತಾಲೂಕಿನ ಒಂದು ಸಣ್ಣ ಊರಿನ ಜನ ಮೂರೂವರೆ ಶತಮಾನ ಕಾಲ ಒಂದು ದಾನದ ನೆನಪನ್ನು ತಪ್ಪಿಲ್ಲದೆ ಕಾಪಾಡಿಕೊಂಡು ಬಂದಿದ್ದರು. ಪ್ರತಿಯೆಲ್ಲ ಮೋಸವಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ನನಗೆ ಗೊತ್ತಿಲ್ಲ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವಾಗ ಗುಡಗೇರಿಯ ನಿಲ್ದಾಣ ಬಂದರೆ ನಾನು ಕಿಟಕಿಯಿಂದ ಒಮ್ಮೆ ಆ ಕಡೆ ನೋಡುವುದುಂಟು.

ಫ್ಲೀಟರನ್ನು ಬರೀ ಶುಷ್ಕ ಪಂಡಿತರೆಂದು ತಿಳಿಯಬಾರದು. ನಮ್ಮ ಲಾವಣಿಕಾರರು ಡಪ್ಪು ಬಡಿದು ಹಾಡುತ್ತಿದ್ದ ಪದಗಳನ್ನು ಕೂಡಿಸಿ, 1885ರಿಂದೀಚೆಗೆ ಆಂಟಿಕ್ವರಿಯಲ್ಲಿ ಕನ್ನಡ ಮೂಲ ಹಾಗೂ ಇಂಗ್ಲಿಷ್ ಅನುವಾದಗಳೊಡನೆ ಅಚ್ಚು ಹಾಕಿಸಿದವರು ಅವರೇ. ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರು, ಬೈಲಹೊಂಗಲದ ಸಂಗ್ಯಾ, ಅಷ್ಟೇಕೆ, ಇಂಗ್ಲಿಷರು ಹೇರಿದ ವರಮಾನ ತೆರಿಗೆಯನ್ನು ಹಳಿಯುವ ಪದ ಕೂಡ ಅಲ್ಲಿದೆ. ತನ್ನ ಸರಕಾರದ ವಿರುದ್ಧ ಕತ್ತಿಯೆತ್ತಿದವರ ಹಾಡನ್ನು ಆ ಸರಕಾರದ ಅಧಿಕಾರಿಯೇ ಉಳಿಸಿಟ್ಟದ್ದು ವಿಚಿತ್ರ. ಈ ಹಾಡುಗಳಿಗೆ ಅವರು ಪಂಚಾಂಗದ ಒರೆಗಲ್ಲನ್ನು ಹಿಡಿಯಲಿಲ್ಲ, ಕೇಳಿದಂತೆ ಬರೆದುಕೊಂಡರು.

ನಿವೃತ್ತರಾದ ಬಳಿಕ ಲಂಡನ್ನಿನ ಮಗ್ಗುಲಿನ ಈಲಿಂಗಿನಲ್ಲಿ ನೆಲೆಸಿದರು. 1907ರಿಂದ ರಾಯಲ್ ಏಷಿಯಾಟಿಕ್ ಸೊಸೈಟಿಯ ಗೌರವ ಕಾರ್ಯದರ್ಶಿಗಳಾಗಿ ದುಡಿದರು. 1912ರಲ್ಲಿ ಅದರ ಸುವರ್ಣಪದಕವನ್ನು ಪಡೆದರು. ಮೈಸೂರಿನ ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಅನುವಾದಿಸಿದಾಗ, 1915ರಲ್ಲಿ, ಅದಕ್ಕೆ ಮುನ್ನುಡಿ ಬರೆದವರೂ ಇವರೇ. 1917ರ ಫೆಬ್ರುವರಿ 21ರಂದು ತೀರಿಕೊಂಡರು. ಅದೇ ವರುಷ ಇತ್ತ ಧಾರವಾಡದಲ್ಲಿ ಆಲೂರ ವೆಂಕಟರಾಯರ ಕರ್ನಾಟಕ ಗತವೈಭವ ಪ್ರಕಟವಾಯಿತು.

ಮಾರಿದವನ ದೂರವಾಣಿ ಮರುದಿನವೇ ಮೂಕವಾಗಿತ್ತು. ದೂರು ಕೊಟ್ಟೆ, ಹಣ ಬರಲಿಲ್ಲ. ಮನೆಯವಳಿಗೆ ಹೇಳಬೇಕಾಯಿತು. ಅವಳು ಹಲಗೆಯನ್ನು ಕೈಯಲ್ಲಿ ತೂಗಿ ನೋಡಿ, ಇಷ್ಟು ತಾಮ್ರಕ್ಕೆ ಹುಬ್ಬಳ್ಳಿಯಲ್ಲಿ ಎರಡು ಕೊಡ ಬರುತ್ತಿದ್ದವೆಂದು ಮಾತ್ರ ಹೇಳಿದಳು. ಶುಲ್ಕಕ್ಕೆ ಸಹೋದ್ಯೋಗಿಯೊಬ್ಬರಿಂದ ಕೈಗಡ ತಂದೆ. ಹಲಗೆಗಳು ಈಗ ಶಾಸನದ ಪಾಠವಿದ್ದ ದಿನ ತರಗತಿಗೆ ಬರುತ್ತವೆ. ಇಂಡಿಯನ್ ಆಂಟಿಕ್ವರಿಯ ಆ ಪುಟದ ಪ್ರತಿಯನ್ನು ಮೇಜಿನ ಮೇಲಿಟ್ಟು, ಏನನ್ನೂ ಹೇಳದೆ, ಅವುಗಳನ್ನು ಬೆಂಚಿನಿಂದ ಬೆಂಚಿಗೆ ದಾಟಿಸುತ್ತೇನೆ. ಈ ವರುಷ ಕಲಘಟಗಿಯ ಕಡೆಯಿಂದ ಬರುವ ಹುಡುಗಿಯೊಬ್ಬಳು ಹಲಗೆಯನ್ನು ತಿರುವಿ ಹಾಕಿ, ಪುಟವನ್ನೊಮ್ಮೆ ನೋಡಿ, ಬರಿದಾದ ಮೂಲೆಯ ಮೇಲೆ ಬೆರಳಿಟ್ಟಳು. ಗಂಟೆ ಬಾರಿಸಿ ಇನ್ನೂ ಹತ್ತು ನಿಮಿಷವಾಗಿರಲಿಲ್ಲ.